ತರಗತಿಯಾಚೆಗಿನ ನ್ಯಾಯಪಾಠ

ಕಾನೂನು ಪದವಿ ಪಡೆದು ಕಪ್ಪು ಕೋಟು ಧರಿಸಿದವರೆಲ್ಲ ಕಕ್ಷಿದಾರನ ಮಾತನ್ನು ಆಲಿಸಬಲ್ಲವರಾಗಿರುತ್ತಾರೆಯೇ ಎಂಬ ಪ್ರಶ್ನೆಯನ್ನು ನಾವು ಇಂದು ಕೇಳಿಕೊಳ್ಳಬೇಕಾಗಿದೆ. ಬೆಟಗೇರಿಯ ನೇಕಾರನ ಕೂಲಿ ಬಾಕಿ, ಶಿರಹಟ್ಟಿಯ ರೈತನ ಉತಾರದಲ್ಲಿನ ತಪ್ಪು, ಲಕ್ಷ್ಮೇಶ್ವರದ ವಿಧವೆಯೊಬ್ಬಳ ವಾಟ್ನಿಯ ತಕರಾರು ಇವು ಪಠ್ಯಪುಸ್ತಕದ ಉದಾಹರಣೆಗಳಂತೆ ಅಚ್ಚುಕಟ್ಟಾಗಿ ಎದುರಿಗೆ ಬರುವುದಿಲ್ಲ.

ಈ ಕೊರತೆಯನ್ನು ಅರಿತೇ ಭಾರತೀಯ ವಕೀಲರ ಪರಿಷತ್ತು 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅಣಕು ನ್ಯಾಯಾಲಯವನ್ನೂ ಪ್ರಾಯೋಗಿಕ ತರಬೇತಿಯನ್ನೂ ಸೇರಿಸಿತು. ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರಗಳ ತರಬೇತಿ ಕಡ್ಡಾಯವಾಗಿದೆ. ಆದರೆ ಸಹಿ ಮತ್ತು ಮೊಹರಿಗಾಗಿ ಮಾತ್ರ ಈ ವಾರಗಳನ್ನು ಕಳೆದರೆ ನಿಯಮ ಪಾಲನೆಯಾದೀತು, ವಿದ್ಯೆ ಬಾರದು. ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಮಾತ್ರ ಕಲಿಯಲು ಸಾಧ್ಯವೆಂಬ ನಂಬಿಕೆಯೂ ಸರಿಯಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಸ್ತ್ರೀಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಕಾನೂನು ವಿದ್ಯಾಲಯಗಳಲ್ಲಿ ನೆರವಿನ ಕೇಂದ್ರಗಳಿರಬೇಕೆಂಬುದೂ ಇದೇ ಕಾಯ್ದೆಯ ಆಶಯ. ವಿದ್ಯಾರ್ಥಿಗಳು ಅರೆ-ಕಾನೂನು ಸ್ವಯಂಸೇವಕರಾಗಿಯೂ ದುಡಿಯಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ನ್ಯಾಯಾಲಯದ ಶುಲ್ಕ ಮರಳುತ್ತದೆ. ಆದರೆ ಆ ತೀರ್ಪಿನ ಮೇಲೆ ಅಪೀಲಿಗೆ ಅವಕಾಶವಿಲ್ಲ. ಹೆಬ್ಬೆರಳೊತ್ತುವ ಮುನ್ನ ಈ ಮಾತನ್ನು ಬಡ ಕಕ್ಷಿದಾರನಿಗೆ ತಿಳಿಗನ್ನಡದಲ್ಲಿ ವಿವರಿಸುವ ವಿದ್ಯಾರ್ಥಿ ತಾನೂ ಕಲಿಯುತ್ತಾನೆ, ಅವನನ್ನೂ ಕಾಪಾಡುತ್ತಾನೆ.

ಮುಂಡರಗಿ ತಾಲೂಕಿನ ಹಳ್ಳಿಗುಡಿಯನ್ನು ನೆನೆಯೋಣ. 2011ರಲ್ಲಿ ಅಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಪಡೆಯುವ ಪ್ರಸ್ತಾಪ ಬಂದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ರೈತರು ವಿರೋಧಿಸಿದರು. 2013ರಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಜನಬಲ ಅಂದು ನೆಲವನ್ನು ಉಳಿಸಿತು. ಆದರೆ ಪ್ರತಿಯೊಬ್ಬ ರೈತನ ಬೆನ್ನಿಗೂ ಚಳವಳಿ ಇರುವುದಿಲ್ಲ. ಒಂಟಿಯಾಗಿ ನೋಟೀಸು ಪಡೆದವನಿಗೆ ಅದನ್ನು ಓದಿ ಹೇಳುವವರು, ಆಕ್ಷೇಪಣೆಯ ಅವಧಿ ಮೀರದಂತೆ ಎಚ್ಚರಿಸುವವರು ಬೇಕು.

ಕಾನೂನು ಓದುವ ಮಕ್ಕಳಿರುವ ನಮ್ಮ ಕುಟುಂಬಗಳು ಇದನ್ನು ಮನಗಾಣಬೇಕು. ಗದಗಿನ ಜಿಲ್ಲಾ ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆಯನ್ನು ಕುಳಿತು ನೋಡಬಹುದು. 2013ರಿಂದ ಉಚ್ಚ ನ್ಯಾಯಾಲಯದ ಕಾಯಂ ಪೀಠ ಧಾರವಾಡದಲ್ಲಿಯೇ ಇದೆ. ರಜೆಯ ಕೆಲವು ವಾರಗಳನ್ನು ತಾಲೂಕು ಕಾನೂನು ಸೇವಾ ಸಮಿತಿಯ ಕಾರ್ಯಕ್ಕೆ ಮೀಸಲಿಡಲು ತಂದೆತಾಯಿಗಳು ಮಕ್ಕಳನ್ನು ಪ್ರೋತ್ಸಾಹಿಸಲಿ. ಬಸ್ಸಿನ ಖರ್ಚನ್ನು ವ್ಯರ್ಥವೆಂದು ಎಣಿಸದಿರಲಿ. ನಮ್ಮ ಧರ್ಮಕೇಂದ್ರಗಳ ಸಭಾಭವನಗಳು ಜಾತಿಮತವೆನ್ನದೆ ಎಲ್ಲರಿಗೂ ಕಾನೂನು ಅರಿವಿನ ಶಿಬಿರಗಳಿಗಾಗಿ ತೆರೆದುಕೊಳ್ಳಲಿ. ಬಡವರ ದುಃಖವನ್ನು ಆಲಿಸಿ ಕಲಿತ ವಕೀಲನೇ ನಾಳೆ ಈ ನಾಡಿಗೆ ಆಸರೆಯಾಗಬಲ್ಲನು.