ಜೊತೆಗೂಡಿ ಉಂಡರೆ ಸೊಪ್ಪೂ ರುಚಿ

ಭಾಗಮಂಡಲದಿಂದ ಘಾಟಿ ಇಳಿದು ಕೇರಳದ ಪಾಣತ್ತೂರಿನ ಕಡೆ ಹೋಗೋ ದಾರಿಯಲ್ಲಿ ಕರಿಕೆ ಸಿಗುತ್ತೆ. ಮಡಿಕೇರಿ ತಾಲ್ಲೂಕಿನ ಅಂಚಿನ ಊರು, ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಸುತ್ತ ರಬ್ಬರು, ಅಡಿಕೆ, ಕರಿಮೆಣಸು. ಅಂಗಡಿ ಜಗಲಿಯಲ್ಲಿ ಅರೆಭಾಷೆ, ಮಲಯಾಳ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಇಂಥ ಊರಿಗೆ ಹೋಗಿ "ಮಾಂಸ ಬಿಡಿ, ಮೀನು ಬಿಡಿ, ಹಾಲೂ ಬಿಡಿ, ಭೂಮಿ ಉಳಿಸಿ" ಅಂತ ಕರಪತ್ರ ಹಂಚಿದರೆ ಏನಾಗುತ್ತೆ? ಮರ್ಯಾದೆಯಿಂದ ಕೂರಿಸಿ, ಚಹಾ ಕೊಟ್ಟು, ನಗುತ್ತಾ ಬೀಳ್ಕೊಡ್ತಾರೆ. ಸಂಜೆ ಒಲೆ ಮೇಲೆ ಮೀನು ಸಾರು ಎಂದಿನಂತೆ ಕುದಿಯುತ್ತೆ.

ಆದರೆ ಇದೇ ಸೀಮೆಯಲ್ಲಿ ನವೆಂಬರ್ ಮಧ್ಯಕ್ಕೆ ವೃಶ್ಚಿಕ ಮಾಸ ಹುಟ್ಟಿದ ಕೂಡಲೇ ಎಷ್ಟೋ ಗಂಡಸರು ಅಯ್ಯಪ್ಪ ಮಾಲೆ ಹಾಕಿ 41 ದಿನ ಮಾಂಸ, ಮೀನು, ಮದ್ಯ ಯಾವುದನ್ನೂ ಮುಟ್ಟದೆ ಇರ್ತಾರೆ. ಅಕ್ಟೋಬರ್ 17ರ ಹೊತ್ತಿಗೆ ಬರೋ ಕಾವೇರಿ ಸಂಕ್ರಮಣದಂದು, ಪಂದಿಕರಿಗೆ ಹೆಸರಾದ ಕೊಡವ ಮನೆಗಳಲ್ಲೂ ದೋಸೆ, ಕುಂಬಳಕಾಯಿ ಕರಿಯ ಊಟ. ಅವತ್ತು ಮಾಂಸ ಬೇಯಿಸಲ್ಲ. ಇದಕ್ಕೆ ಯಾರೂ ಭಾಷಣ ಮಾಡಿಲ್ಲ, ಯಾರ ಮೇಲೂ ಒತ್ತಾಯ ಇಲ್ಲ. ಹಾಗಾದರೆ ಕರಪತ್ರಕ್ಕೆ ಆಗದ ಕೆಲಸ ಇಲ್ಲಿ ಹೇಗಾಗುತ್ತೆ?

ಭಕ್ತಿ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಭಕ್ತಿ ಇದ್ದೇ ಇದೆ. ಆದರೆ ಎಂಜಿನಿಯರಿಂಗ್ ಓದೋ ನಮ್ಮ ಕಣ್ಣಿಗೆ ಅದರ ಜೊತೆ ಒಂದು ಒಳ್ಳೆ ವ್ಯವಸ್ಥೆಯೂ ಕಾಣಿಸುತ್ತೆ. ಶುರುವಿಗೆ ದಿನ ಗೊತ್ತು, ಮುಗಿಯೋದಕ್ಕೂ ದಿನ ಗೊತ್ತು. ದಾರಿ ತೋರಿಸೋಕೆ ಹಲವು ಸಲ ಮಲೆಗೆ ಹೋಗಿ ಬಂದ ಗುರುಸ್ವಾಮಿ ಇರ್ತಾರೆ. ಕೊರಳಲ್ಲಿ ಮಾಲೆ ಇರೋದರಿಂದ ಯಾರೂ "ಒಂದು ತುಂಡು ತಿನ್ನೋ ಮಾರಾಯ" ಅಂತ ಕಾಡಿಸಲ್ಲ. ಸಂಜೆ ಭಜನೆ, ಆಮೇಲೆ ಒಟ್ಟಿಗೆ ಊಟ. ಎಲ್ಲರೂ ಎಲ್ಲರಿಗೂ "ಸ್ವಾಮಿ"ಯೇ. ಒಬ್ಬ ತಾನೊಬ್ಬನೇ ಮನಸ್ಸು ಗಟ್ಟಿ ಮಾಡ್ಕೊಂಡು ನಿಲ್ಲಬೇಕಾಗಿಲ್ಲ, ಗುಂಪು ಅವನನ್ನ ನಿಲ್ಲಿಸುತ್ತೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಶುರುವಾದ 'ವೀಗನ್ಯುವರಿ' ಅನ್ನೋ ಜನವರಿ ತಿಂಗಳ ಅಭಿಯಾನ ಮಾಡ್ತಿರೋದೂ ಹೆಚ್ಚುಕಡಿಮೆ ಇದನ್ನೇ: ಒಂದು ತಿಂಗಳ ಗಡುವು, ದಿನಕ್ಕೊಂದು ಇಮೇಲ್, ಜೊತೆಗೆ ಸಾವಿರಾರು ಜನ.

ಮಾಲೆ ತೆಗೆದ ಮೇಲೆ ಏನಾಗುತ್ತೆ ಅನ್ನೋದೂ ನಮಗೆ ಗೊತ್ತು. ಬಹಳಷ್ಟು ಮನೆಗಳಲ್ಲಿ ಕೋಳಿ ಸಾರು ವಾಪಸ್ ಬರುತ್ತೆ. 41 ದಿನ ಸಲೀಸಾಗಿ ಇದ್ದವರಿಗೆ 42ನೇ ದಿನ ಯಾಕೆ ಆಗಲ್ಲ? ವ್ರತ ಮುಗೀತು ಅನ್ನೋದು ಒಂದು ಕಾರಣ. ಜೊತೆಗೆ ಕೂತು ಉಣ್ಣೋರು ಚದುರಿ ಹೋದರು ಅನ್ನೋದು ಇನ್ನೊಂದು. ಅದಕ್ಕೇ ನಮ್ಮ ಮಾತು ಇಷ್ಟು: ಸಸ್ಯಮೂಲದ ಊಟ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ತುಪ್ಪ ಇಲ್ಲದ ಊಟ, ಅದು ಜನರಿಗೆ ಹತ್ತಿರ ಆಗಬೇಕಿದ್ದರೆ ಉಪದೇಶ ಸಾಕು, ಗುಂಪು ಕಟ್ಟಬೇಕು. ಗಡುವು ಮುಗಿದ ಮೇಲೂ ಆ ಗುಂಪು ಉಳಿಯಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ ಅನ್ನೋ ಸಂಶೋಧಕರು 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಲೆಕ್ಕ ಹಾಕಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಜಗತ್ತು ಪ್ರಾಣಿಮೂಲದ ಆಹಾರ ಬಿಟ್ಟರೆ, ಆಹಾರಕ್ಕೆ ಬೇಕಾಗೋ ಭೂಮಿ ಶೇ. 76ರಷ್ಟು ಕಡಿಮೆಯಾಗುತ್ತೆ ಅನ್ನೋದು ಅವರ ಅಂದಾಜು. ತಲಕಾವೇರಿ ವನ್ಯಧಾಮದ ಮಗ್ಗುಲಲ್ಲೇ ಇರೋ ಊರಿನವರಿಗೆ ಭೂಮಿ ಅಂದರೇನು, ಕಾಡು ಅಂದರೇನು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಲೆಕ್ಕ ಇಡೀ ಜಗತ್ತಿನದು. ಕರಿಕೆಯ ಹಿತ್ತಲಲ್ಲಿ ಹುಳ ಹೆಕ್ಕಿ ತಿನ್ನೋ ನಾಟಿ ಕೋಳಿಯನ್ನೂ, ಜೋಳ ಸೋಯಾ ತಿನ್ನಿಸಿ ಬೆಳೆಸಿ ಲಾರಿಯಲ್ಲಿ ತರೋ ಸಾವಿರಾರು ಫಾರಂ ಕೋಳಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕಾಗಲ್ಲ. ಮೊದಲು ಕಡಿಮೆ ಆಗಬೇಕಾದದ್ದು ನಗರದಲ್ಲಿ, ನಮ್ಮಂಥವರು ವಾರಕ್ಕೆ ನಾಲ್ಕು ಸಲ ಆರ್ಡರ್ ಮಾಡೋ ಬಿರಿಯಾನಿ.

ಇನ್ನೊಂದು ವಿಷಯವನ್ನ ಮುಚ್ಚಿಡದೆ ಮಾತಾಡಬೇಕು. ನಮ್ಮ ನಾಡಲ್ಲಿ 'ಸಸ್ಯಾಹಾರ' ಅನ್ನೋ ಪದಕ್ಕೆ ಜಾತಿಯ ಭಾರ ಇದೆ. ಇವರು ತಿಂತಾರೆ, ಅವರು ತಿನ್ನಲ್ಲ ಅಂತ ಮೇಲು ಕೀಳು ಎಣಿಸಿದ ಇತಿಹಾಸ ಇದೆ, ಬಾಡಿಗೆ ಮನೆ ಹುಡುಕಿದವರಿಗೆ ಅದು ಇವತ್ತಿಗೂ ಗೊತ್ತಾಗುತ್ತೆ. ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬೇಕು ಅಂದಾಗ ಎದ್ದ ಗಲಾಟೆಯನ್ನೂ ನೋಡಿದ್ದೀವಿ. ಶಾಲಾ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳೋ ವಾದಕ್ಕೆ ನಮ್ಮ ಬೆಂಬಲ ಇಲ್ಲ. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅಂಥ ಕಡೆ ಬದಲಿಗೆ ಏನೂ ಕೊಡದೆ "ಬಿಡಿ" ಅನ್ನೋದು ಅನ್ಯಾಯ.

ಆದರೆ ಸಸ್ಯಮೂಲದ ಊಟದಲ್ಲಿ ಒಂದು ಸ್ವಾರಸ್ಯ ಇದೆ ನೋಡಿ. ಇಲ್ಲಿ 'ಶುದ್ಧ ಸಸ್ಯಾಹಾರಿ' ಗೆಳೆಯನಿಗೂ ಹೋಂವರ್ಕ್ ಇದೆ! ಕರಿಕೆಯ ಹುಡುಗ ಒಣಮೀನು ಬಿಟ್ಟರೆ ಮೈಸೂರಿನ ಹುಡುಗ ಮೊಸರನ್ನ ಬಿಡಬೇಕು, ತುಪ್ಪ ಬಿಡಬೇಕು, ಫಿಲ್ಟರ್ ಕಾಫಿಗೆ ಹಾಲು ಬಿಡಬೇಕು. ನಿಜ ಹೇಳಬೇಕಂದರೆ ಕರಿಕೆಯವನಿಗೇ ಹಾಲಿನ ವಿಷಯದಲ್ಲಿ ಕಷ್ಟ ಕಡಿಮೆ, ಅವನ ಅಡುಗೆ ನಿಂತಿರೋದೇ ತೆಂಗಿನ ಮೇಲೆ. ಇಬ್ಬರೂ ಏನಾದರೂ ಬಿಟ್ಟು ಒಂದೇ ಸಾಲಲ್ಲಿ ಕೂತಾಗ ಯಾರೂ ಯಾರಿಗೂ ಪಾಠ ಹೇಳೋ ಹಾಗಿಲ್ಲ. ಪಂಕ್ತಿಭೇದ ಕಂಡ ನಾಡಿಗೆ ಇದು ಸಣ್ಣ ಸಂಗತಿ ಅಲ್ಲ.

ಇನ್ನು ಉಣ್ಣೋದೇನು? ಪ್ಯಾಕೆಟ್ಟಿನ ದುಬಾರಿ ಸೋಯಾ ಪ್ಯಾಟಿ ಬೇಡವೇ ಬೇಡ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅರೆಭಾಷೆಯವರಿಗೆ ಆಟಿ, ಕೊಡವರಿಗೆ ಕಕ್ಕಡ, ಮಲಯಾಳದವರಿಗೆ ಕರ್ಕಾಟಕ. ಹೆಸರು ಮೂರು, ಮಳೆ ಒಂದೇ. ಆಗ ಏಡಿ, ಕೋಳಿಯೂ ಬೇಯುತ್ತೆ, ನಿಜ. ಆದರೆ ಕಣಿಲೆ, ಅಣಬೆ, ಕೆಸುವಿನ ಎಲೆಯ ಪತ್ರೊಡೆ, ತಗತೆ ಸೊಪ್ಪು, ಹಲಸಿನ ಬೀಜ, ಕರ್ಕಾಟಕದ ಗಂಜಿ ಎಲ್ಲ ಆ ತಿಂಗಳದ್ದೇ. ಕಕ್ಕಡ 18ರಂದು ಮದ್ದುಸೊಪ್ಪಿನ ರಸಕ್ಕೆ ತೆಂಗಿನ ಹಾಲು, ಬೆಲ್ಲ ಸೇರಿಸಿ ಮಾಡೋ ನೇರಳೆ ಬಣ್ಣದ ಪಾಯಸವನ್ನ ಯಾವ ವೀಗನ್ ರೆಸ್ಟೋರೆಂಟೂ ನಾಚಿಸಲಾರದು. ವರ್ಷಪೂರ್ತಿ ಸಿಗೋ ಪುಟ್ಟು ಕಡಲೆಯಂತೂ ಯಾರೂ ಹೇಳದೇನೇ ಸಸ್ಯಮೂಲದ ಊಟ.

ಈ ಅಡುಗೆಗೆ ಅನುಭವಸ್ಥರು ಬೇಕು. ಕಣಿಲೆಯನ್ನ ನೀರು ಬದಲಿಸುತ್ತಾ ನೆನೆಸದೆ ಬೇಯಿಸೋ ಹಾಗಿಲ್ಲ. ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತೆ. ಇದು ಯೂಟ್ಯೂಬಿಗಿಂತ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತು. ಅವರೇ ಈ ಗುಂಪಿನ ಗುರುಸ್ವಾಮಿಗಳಾಗಬೇಕು.

ಅಯ್ಯಪ್ಪ ವ್ರತದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇಲ್ಲೇ ಇದೆ. ಮಾಲೆ ಹಾಕೋರು ಒಬ್ಬರು, ಅಡುಗೆ ಬದಲಿಸೋರು ಮನೆಯ ಹೆಂಗಸರು. ಬೆಳಗ್ಗೆ ಬೇಗ ಎದ್ದು ಬೇರೆ ಪಾತ್ರೆ, ಬೇರೆ ಸಾರು, ಎಲ್ಲ ಅವರ ತಲೆ ಮೇಲೆ. ಸಸ್ಯಮೂಲದ ಊಟದ ಕಾರ್ಯಕ್ರಮವೂ ಹಾಗೇ ಆದರೆ ಮೂರನೇ ದಿನಕ್ಕೆ ನಿಲ್ಲುತ್ತೆ, ನಿಲ್ಲಬೇಕಾದ್ದೇ. ಊರಲ್ಲಿ ಮಾಡೋದಾದರೆ ವಾರ ವಾರ ಸೇರೋ ಸ್ತ್ರೀಶಕ್ತಿ ಸಂಘಗಳ ಜೊತೆ ಕೂತು, ಅವರು ಒಪ್ಪಿದರೆ, ಅವರು ಹೇಳಿದ ಹಾಗೆ ಮಾಡಬೇಕು. ತೆಂಗಿನಕಾಯಿ ತುರಿಯೋದು, ಪಾತ್ರೆ ತೊಳೆಯೋದು ಗಂಡಸರ ಪಾಳಿ.

ಆರೋಗ್ಯದ ಮಾತನ್ನೂ ಗುಂಪಿನಲ್ಲೇ ಆಡಬೇಕು. ವಿಟಮಿನ್ ಬಿ12 ಗಿಡಮೂಲದ ಊಟದಲ್ಲಿ ಭರವಸೆ ಇಡುವಷ್ಟು ಸಿಗಲ್ಲ. ಪೂರ್ತಿ ಬದಲಾಗೋರು ವೈದ್ಯರನ್ನ ಕೇಳಿ ಮಾತ್ರೆ ತಗೋಬೇಕು. ಸೊಪ್ಪು, ಹುರುಳಿಯ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಹುಳಿ ಇರಲಿ, ಊಟದ ಬೆನ್ನಿಗೇ ಚಹಾ ಬೇಡ. ಗರ್ಭಿಣಿಯರು, ಚಿಕ್ಕ ಮಕ್ಕಳು, ಕಾಯಿಲೆ ಇರೋರು ಪ್ರಯೋಗಕ್ಕೆ ಇಳಿಯೋದು ಬೇಡ.

ಈ ಸಲದ ಆಟಿಯಲ್ಲಿ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ 21 ದಿನದ ಒಂದು ಗುಂಪು ಮಾಡೋಣ ಅನ್ನೋದು ನಮ್ಮ ಪ್ರಸ್ತಾಪ. ಹತ್ತು ಜನ ಸಾಕು. ಅದರಲ್ಲಿ ಅರ್ಧದಷ್ಟಾದರೂ ಮಾಂಸ ತಿನ್ನೋರಿರಲಿ, ಉಳಿದವರು ಹಾಲು ಮೊಸರಿನವರು. ದಿನಕ್ಕೆ ಒಂದು ಹೊತ್ತು ಒಟ್ಟಿಗೆ ಊಟ. ಮಧ್ಯೆ ಯಾರಾದರೂ ಮೊಟ್ಟೆ ತಿಂದರೆ ದಂಡ ಇಲ್ಲ, ಮಾರನೇ ದಿನ ಅವರ ಜಾಗ ಅಲ್ಲೇ ಇರುತ್ತೆ. 22ನೇ ದಿನ ಬಿಟ್ಟುಹೋಗಬೇಡಿ, ಅವತ್ತಿಂದ ವಾರಕ್ಕೊಂದು ದಿನ ಅದೇ ಟೇಬಲಿಗೆ ಬನ್ನಿ. ಕೊಡಗು, ಮಲೆನಾಡು, ಕರಾವಳಿ ಕಡೆಯ ಗೆಳೆಯರು ಊರಿಂದ ಬರುವಾಗ ಅಜ್ಜಿ ಕೈಯಲ್ಲಿ ಕೆಸುವಿನ ಅಡುಗೆ ಬರೆಸಿಕೊಂಡು ಬನ್ನಿ, ಅಳತೆ ಸಮೇತ. "ಹುಳಿ ಒಂದು ಹಿಡಿ" ಅಂದರೆ ಯಾರ ಹಿಡಿ ಅಂತ ಕೇಳೋದು ಮರೀಬೇಡಿ.