ಬೀಳಲು ಕಲಿತವರ ಹಾರಾಟ

‘ಫ್ರೀಸ್ಟೈಲ್’ ಎಂಬ ಮಾತು ಮುಧೋಳ, ಜಮಖಂಡಿಗಳ ಕಡೆಯವರಿಗೆ ಹೊಸದಲ್ಲ. ಕುಸ್ತಿಯ ಕಣದ ಸುತ್ತ ಅದನ್ನು ಕೇಳುತ್ತಲೇ ಬೆಳೆದವರು ನಾವು. ಎದುರಾಳಿಯ ಕಾಲು ಹಿಡಿಯಬಾರದೆಂಬ ಕಟ್ಟು ಗ್ರೀಕೋ-ರೋಮನ್ ಕುಸ್ತಿಯದಾದರೆ, ಆ ಕಟ್ಟು ಇಲ್ಲದ್ದು ಫ್ರೀಸ್ಟೈಲ್ ಕುಸ್ತಿ. ಇದೇ ಹೆಸರಿನ ಇನ್ನೊಂದು ಆಟ ಹಿಮದ ಮೇಲೆ ನಡೆಯುತ್ತದೆ. ಅದು ಫ್ರೀಸ್ಟೈಲ್ ಸ್ಕೀಯಿಂಗ್. ಚಳಿಗಾಲದ ಒಲಿಂಪಿಕ್ಸ್ ಬಂದಾಗ ಆಟಗಾರರು ಬಿಳಿಯ ಇಳಿಜಾರಿನಿಂದ ಚಿಮ್ಮಿ, ಆಕಾಶದಲ್ಲಿ ಮೂರು ಲಾಗ ಹೊಡೆದು, ನೆಟ್ಟಗೆ ಕಾಲಮೇಲೆ ಇಳಿಯುವುದನ್ನು ಮನೆಯ ಮಕ್ಕಳು ಟಿ.ವಿ. ಮುಂದೆ ಕಣ್ಣರಳಿಸಿ ನೋಡುತ್ತಾರೆ. ಹಿರಿಯರು “ಇದೆಂಥ ಹುಚ್ಚು ಸಾಹಸ!” ಎಂದು ಎದ್ದುಹೋಗುವುದುಂಟು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲು ಕಾಣುವ ಈ ಕೃಷ್ಣಾ-ಘಟಪ್ರಭಾ ತೀರದವರಿಗೆ ಹಿಮದ ಆಟದ ಗೊಡವೆ ಏಕೆ ಎಂಬ ಪ್ರಶ್ನೆಯೂ ಸಹಜವೇ. ಆದರೆ ಈ ಆಟದ ಒಳಗುಟ್ಟನ್ನು ಅರಿತವರಿಗೆ, ಅದು ನಮ್ಮ ಗರಡಿಮನೆಗೂ ಹೊಲದ ಬಾವಿಗೂ ನಂಟುಳ್ಳದ್ದೆಂದು ತಿಳಿಯುತ್ತದೆ.

ಸ್ಕೀ ಎಂದರೆ ಬೂಟಿಗೆ ಬಿಗಿಯುವ, ಮುಂತುದಿ ಮೇಲಕ್ಕೆ ಬಾಗಿದ, ಉದ್ದನೆಯ ತೆಳುಪಟ್ಟಿ. ನಾರ್ವೆಯ ಹಳೆಯ ಭಾಷೆಯಿಂದ ಬಂದ ಈ ಪದಕ್ಕೆ ಸೀಳಿದ ಕಟ್ಟಿಗೆ ಎಂದು ಮೂಲಾರ್ಥ. ಹಿಮದಲ್ಲಿ ಕಾಲು ಹೂತುಹೋಗದಿರಲೆಂದು ಉತ್ತರ ದೇಶಗಳ ಜನ ಸಾವಿರಾರು ವರ್ಷಗಳಿಂದ ಇದನ್ನು ಬಳಸುತ್ತ ಬಂದರು. ಅದು ಪಂದ್ಯದ ರೂಪ ತಾಳಿದಾಗ ಯಾರು ಬೇಗ ಇಳಿದರು, ಯಾರು ಬೇಗ ಓಡಿದರು, ಯಾರು ದೂರ ನೆಗೆದರು ಎಂಬುದೇ ಅಳತೆಯಾಯಿತು. 1952ರ ಆಸ್ಲೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನಾರ್ವೆಯ ಸ್ಟೈನ್ ಎರಿಕ್ಸನ್, ಮುಂದೆ ಅಮೆರಿಕದಲ್ಲಿ ಸ್ಕೀ ಕಲಿಸುತ್ತ, ಹಿಮದ ಮೇಲೆ ಲಾಗ ಹೊಡೆದು ಜನರನ್ನು ಬೆರಗುಗೊಳಿಸಿದರು. 1960 ಮತ್ತು 70ರ ದಶಕಗಳಲ್ಲಿ ಅಲ್ಲಿನ ತರುಣರು ಇದನ್ನೇ ಒಂದು ಸ್ವಚ್ಛಂದ ಆಟವನ್ನಾಗಿ ಮಾಡಿಕೊಂಡರು. ಆಗ ಅದಕ್ಕೆ ನಿಯಮವೂ ಇರಲಿಲ್ಲ, ಕ್ರಮವಾದ ಶಿಕ್ಷಣವೂ ಇರಲಿಲ್ಲ. ಬಿದ್ದು ಬೆನ್ನು, ಕುತ್ತಿಗೆಗೆ ಪೆಟ್ಟು ಮಾಡಿಕೊಂಡವರು ಹೆಚ್ಚಿದಾಗ ತಲೆಕೆಳಗಾಗುವ ಲಾಗಗಳನ್ನೇ ಹಲವೆಡೆ ನಿಷೇಧಿಸಬೇಕಾಯಿತು.

ಆಟ ಉಳಿದುಕೊಂಡದ್ದು ಕಟ್ಟಳೆಗೆ ಒಳಪಟ್ಟ ಮೇಲೆ. 1979ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಇದಕ್ಕೆ ಮನ್ನಣೆ ಕೊಟ್ಟು ನಿಯಮಗಳನ್ನು ರೂಪಿಸಿತು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಅದು ಪ್ರದರ್ಶನದ ಆಟವಾಗಿತ್ತು. 1992ರಲ್ಲಿ ಪದಕದ ಆಟವಾಯಿತು. ಅಲ್ಲಿಂದ ಮುಂದೆ ಒಂದೊಂದೇ ವಿಭಾಗ ಸೇರುತ್ತ 2026ರ ಮಿಲಾನೊ-ಕೊರ್ಟಿನಾ ಕೂಟದವರೆಗೆ ಬೆಳೆದು ಬಂದಿದೆ.

ಮುಖ್ಯವಾದ ಮೂರು ಬಗೆಗಳನ್ನು ತಿಳಿದರೆ ಸಾಕು, ನೋಡುವ ಕಣ್ಣು ತಾನಾಗಿ ತೆರೆಯುತ್ತದೆ. ಮೊದಲನೆಯದು ‘ಮೊಗಲ್ಸ್’. ಸುಮಾರು 250 ಮೀಟರ್ ಉದ್ದದ ಕಡಿದಾದ ಇಳಿಜಾರಿನ ತುಂಬ ಹಿಮದ ದಿಬ್ಬಗಳು. ಅವುಗಳ ನಡುವೆ ಸರಸರನೆ ತಿರುಗುತ್ತ ಇಳಿಯಬೇಕು, ದಾರಿಯಲ್ಲಿ ಎರಡು ಸಲ ಹಾರಬೇಕು. ನೂರು ಅಂಕಗಳಲ್ಲಿ ಅರವತ್ತು ತಿರುವುಗಳ ಅಚ್ಚುಕಟ್ಟಿಗೆ, ಇಪ್ಪತ್ತು ಹಾರಾಟಕ್ಕೆ, ಇಪ್ಪತ್ತು ವೇಗಕ್ಕೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಉಬ್ಬುತಗ್ಗಿನ ದಾರಿಯಲ್ಲಿ ಬರುವ ತಾಯಂದಿರನ್ನು ನೆನೆಯಿರಿ. ಮೊಣಕಾಲು ಬಾಗಿ ಏಳುತ್ತಿದ್ದರೂ ಕೊಡ ಅಲುಗುವುದಿಲ್ಲ. ಮೊಗಲ್ಸ್ ಆಟಗಾರನ ಲಕ್ಷಣವೂ ಅದೇ. ಕಾಲುಗಳು ದಿಬ್ಬಕ್ಕೆ ಮಣಿಯುತ್ತವೆ, ತಲೆ ಮತ್ತು ಎದೆ ನಿಶ್ಚಲ.

ಎರಡನೆಯದು ‘ಏರಿಯಲ್ಸ್’. ಇಳಿಜಾರಿನಲ್ಲಿ ರಭಸವಾಗಿ ಬಂದು, ಹಿಮದಿಂದ ಕಟ್ಟಿದ ಕಡಿದಾದ ಏರಿನಿಂದ ಚಿಮ್ಮಿ, ಗಾಳಿಯಲ್ಲಿ ಮೂರು ಸೆಕೆಂಡಿನಷ್ಟು ಮಾತ್ರ ಇದ್ದು, ಅಷ್ಟರಲ್ಲೇ ಲಾಗಗಳನ್ನೂ ಮೈತಿರುವುಗಳನ್ನೂ ಮುಗಿಸಿ ಇಳಿಯಬೇಕು. ಇಲ್ಲಿ ಅರ್ಧದಷ್ಟು ಅಂಕ ದೇಹದ ಭಂಗಿಗೆ, ನೂರಕ್ಕೆ ಮೂವತ್ತು ಇಳಿಯುವ ರೀತಿಗೆ, ಉಳಿದದ್ದು ಚಿಮ್ಮಿದ ಎತ್ತರ ಮೊದಲಾದವುಗಳಿಗೆ. ಹಾರಾಟ ಎಷ್ಟು ಕಠಿಣವೋ ಅದಕ್ಕೆ ತಕ್ಕಂತೆ ಆ ಮೊತ್ತವನ್ನು ಗುಣಿಸುತ್ತಾರೆ.

ಮೂರನೆಯದು ‘ಹಾಫ್‌ಪೈಪ್’. ದೊಡ್ಡ ಕಾಲುವೆಯಂತೆ ಹಿಮವನ್ನು ಕೊರೆದು, ಎರಡೂ ಬದಿಗೆ ಸುಮಾರು 6.7 ಮೀಟರ್ ಎತ್ತರದ ಗೋಡೆ ನಿಲ್ಲಿಸಿರುತ್ತಾರೆ. ಆಟಗಾರ ಒಂದು ಗೋಡೆ ಏರಿ ಹಾರಿ, ಮರಳಿ ಇಳಿದು, ಎದುರು ಗೋಡೆ ಏರಿ ಹಾರುತ್ತ ಸಾಗುತ್ತಾನೆ.

ನೋಡುವವರಿಗೆ ಕಾಣುವುದು ಸ್ವಾತಂತ್ರ್ಯ. ಅದರ ಹಿಂದಿರುವುದು ಬಿಗಿಯಾದ ಶಿಸ್ತು. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಬಿಗಿಯಾಗಿದ್ದರೆ ಮಾತ್ರ ಹೊಕ್ಕಿನ ನೂಲು ಬೇಕಾದ ಹೂವು ಬರೆಯಬಲ್ಲದು.

ಹಾಗಾದರೆ ಮೂರು ಲಾಗ ಹೊಡೆಯುವುದನ್ನು ಕಲಿಯುವುದೆಲ್ಲಿ? ಮೊದಲು ನೀರಿನಲ್ಲಿ! ಬೇಸಿಗೆಯಲ್ಲಿ ಎತ್ತರದ ಜಾರುಹಾಸಿನ ಮೇಲಿಂದ ಸ್ಕೀ ಕಟ್ಟಿಕೊಂಡೇ ಜಾರಿ, ಚಿಮ್ಮಿ, ಆಳವಾದ ಕೊಳಕ್ಕೆ ಬೀಳುತ್ತಾರೆ. ನೀರಿನ ಮೇಲ್ಮೈ ಕೂಡ ರಭಸಕ್ಕೆ ಕಲ್ಲಿನಂತೆ ಬಡಿಯಬಲ್ಲದಾದ್ದರಿಂದ ಕೊಳದ ತಳದಿಂದ ಗಾಳಿಯ ಗುಳ್ಳೆಗಳನ್ನೆಬ್ಬಿಸಿ ಅದನ್ನು ಮೆತ್ತಗೆ ಮಾಡುತ್ತಾರೆ. ಅಲ್ಲಿ ನೂರಾರು ಸಲ ಪಳಗಿದ ಹಾರಾಟವೇ ಮುಂದೆ ಹಿಮಕ್ಕೆ ಹೋಗುತ್ತದೆ. ಹಿಮದ ಮೇಲೂ ಇಳಿಯುವ ಜಾಗ ಸಮತಟ್ಟಲ್ಲ, ಬಹಳ ಕಡಿದಾದ ಇಳಿಜಾರು. ಸಮತಟ್ಟು ನೆಲಕ್ಕೆ ಬಿದ್ದರೆ ಬಿದ್ದ ವೇಗವೆಲ್ಲ ಒಂದೇ ಕ್ಷಣದಲ್ಲಿ ಮೂಳೆಗೆ ಬಡಿಯುತ್ತದೆ. ಇಳಿಜಾರಿನಲ್ಲಾದರೆ ಅದು ಜಾರಿಕೆಯಾಗಿ ಹರಿದುಹೋಗುತ್ತದೆ. ಆ ಇಳಿಜಾರಿನ ಹಿಮವನ್ನೂ ಸಲಿಕೆಗಳಿಂದ ಕಡಿದು ಸಡಿಲಗೊಳಿಸಿರುತ್ತಾರೆ.

ನಮ್ಮ ಗರಡಿಯಲ್ಲಿ ಕೆಂಪು ಮಣ್ಣನ್ನು ಸೋಸಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡುವುದೂ ಇದೇ ವಿವೇಕದಿಂದ. ಹೊಲದ ಬಾವಿಯಲ್ಲಿ ಈಜು ಕಲಿಸುವಾಗ ಮಗುವಿನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಹಿರಿಯರೊಬ್ಬರು ಮೊದಲೇ ನೀರಿಗಿಳಿದು ಕಾಯುವುದೂ ಇದೇ ವಿವೇಕದಿಂದ. ಬೀಳಲೇಬಾರದೆಂಬ ಹಟವನ್ನು ನಮ್ಮ ಹಿರಿಯರು ಹಿಡಿಯಲಿಲ್ಲ. ಬಿದ್ದರೂ ಕೆಡುಕಾಗದಂತೆ ಏರ್ಪಾಟು ಮಾಡಿದರು.

ಹಿಮ ಕಾಣದವರಿಗೆ ಈ ಆಟ ದಕ್ಕದೆಂಬ ಮಾತೂ ಪೂರ್ತಿ ನಿಜವಲ್ಲ. ಆಸ್ಟ್ರೇಲಿಯಾದ ಅಲೀಸಾ ಕ್ಯಾಂಪ್ಲಿನ್ ಬಾಲ್ಯದಲ್ಲಿ ಜಿಮ್ನಾಸ್ಟಿಕ್ಸ್ ಕಲಿತ ಹುಡುಗಿ. ಹತ್ತೊಂಬತ್ತರ ವಯಸ್ಸಿನವರೆಗೆ ಸ್ಕೀ ಕಟ್ಟಿದವರಲ್ಲ. ತಕ್ಕ ಸೌಲಭ್ಯವಿಲ್ಲದೆ ಮೆಲ್ಬರ್ನ್ ಹೊರವಲಯದ ಕೆಸರುಗೆರೆಯೊಂದಕ್ಕೆ ಹಾರಿ ಹಾರಿ ಪಳಗಿದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಏರಿಯಲ್ಸ್ ಚಿನ್ನ ಅವರ ಪಾಲಾಯಿತು. ನಮ್ಮ ದೇಶದಲ್ಲಿ ಸ್ಕೀಯಿಂಗ್‌ನ ನೆಲೆ ಗುಲ್ಮರ್ಗ, ಔಲಿಗಳಂಥ ಹಿಮಾಲಯದ ತಾಣಗಳು. 2022ರ ಬೀಜಿಂಗ್ ಕೂಟದಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದವರು ಕಾಶ್ಮೀರದ ಆರಿಫ್ ಖಾನ್. ಹಿಮವಿಲ್ಲದ ನಮ್ಮ ಕರ್ನಾಟಕದಿಂದಲೂ ಒಬ್ಬ ಹೆಣ್ಣುಮಗಳು ಈ ದಾರಿ ಹಿಡಿದಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು ಫ್ರೀಸ್ಟೈಲ್ ಅಲ್ಲ, ಹಿಮದ ಮೇಲಿನ ದೂರದ ಓಟವಾದ ಕ್ರಾಸ್‌ಕಂಟ್ರಿ ಸ್ಕೀಯಿಂಗ್. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ವಿಭಾಗದಲ್ಲಿ ಅವರು ಕಂಚಿನ ಪದಕ ಪಡೆದರು. ಕಾಫಿ ತೋಟಗಳ ನಾಡಿನ ಮಗಳು ಹಿಮದಲ್ಲಿ ಓಡಬಹುದಾದರೆ, ಕಬ್ಬಿನ ನಾಡಿನ ಮಕ್ಕಳಿಗೂ ಆ ಬಾಗಿಲು ಮುಚ್ಚಿಲ್ಲ.

ಇಷ್ಟಾಗಿ ಈ ಆಟದ ಅಪಾಯವನ್ನು ಮರೆಮಾಚುವುದು ಸಲ್ಲದು. ಕೆನಡಾದ ಸಾರಾ ಬರ್ಕ್ ಮಹಿಳೆಯರ ಹಾಫ್‌ಪೈಪ್‌ಗೆ ಒಲಿಂಪಿಕ್ಸ್‌ನಲ್ಲಿ ಸ್ಥಾನ ಸಿಗಬೇಕೆಂದು ಬಹುಕಾಲ ಶ್ರಮಿಸಿದವರು. 2011ರಲ್ಲಿ ಆ ಬೇಡಿಕೆಗೆ ಒಪ್ಪಿಗೆ ದೊರೆಯಿತು. ಮರುವರ್ಷ ಜನವರಿಯಲ್ಲಿ, ಅಭ್ಯಾಸದ ವೇಳೆ ಬಿದ್ದ ಪೆಟ್ಟಿನಿಂದ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 2014ರ ಸೋಚಿ ಕೂಟದಲ್ಲಿ ಆ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ ಅದನ್ನು ನೋಡಲು ಅವರಿರಲಿಲ್ಲ. ಎಷ್ಟು ನುರಿತವರಿಗೂ, ಎಷ್ಟು ಏರ್ಪಾಟಿದ್ದರೂ ಅಪಾಯ ಪೂರ್ತಿಯಾಗಿ ತೊಲಗದು. ತಂದೆತಾಯಿಗಳ ಅಂಜಿಕೆ ಸುಳ್ಳಲ್ಲ.

ಆದರೆ ಆ ಅಂಜಿಕೆಯನ್ನು ಎಲ್ಲಿಗೆ ತಿರುಗಿಸಬೇಕೆಂಬುದನ್ನು ಈ ಆಟ ಕಲಿಸುತ್ತದೆ. ಹಾರುವ ಆಸೆ ಮಕ್ಕಳ ರಕ್ತದಲ್ಲಿಯೇ ಇದೆ. ಬೇಡವೆಂದು ಗದರಿಸಿದರೆ ಅವರು ನಮ್ಮ ಕಣ್ಣು ತಪ್ಪಿಸಿ ಹಾರುತ್ತಾರೆ. ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳ ಅಂಚಿನವರೆಗೆ ಆಲಮಟ್ಟಿಯ ಹಿನ್ನೀರು ಬಂದು ನಿಂತಿದೆ. ಬೇರೆಡೆ ಕಾಲುವೆಗಳಿವೆ, ಪಾಳುಬಿದ್ದ ಬಾವಿಗಳಿವೆ. ಆಳವರಿಯದ ನೀರಿಗೆ ಗೆಳೆಯರ ಪಂಥಕ್ಕೆ ಬಿದ್ದು ನೆಗೆಯುವ ಹುಡುಗನಿಗೆ ಕೊಳವೂ ಇಲ್ಲ, ಗುರುವೂ ಇಲ್ಲ. ಶಾಲೆಯ ಸಮಾರಂಭಗಳಲ್ಲಿ ಮಕ್ಕಳನ್ನು ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿ ಗೋಪುರ ಕಟ್ಟುವಾಗ ಕೆಳಗೆ ಬರಿಯ ಗಟ್ಟಿ ನೆಲವಿದ್ದರೆ, ಚಪ್ಪಾಳೆ ತಟ್ಟುವ ಮೊದಲು ನಾವು ಯೋಚಿಸಬೇಕು.

ಆದ್ದರಿಂದ ಮಗ ಅಥವಾ ಮಗಳು ಇಂಥ ಒಂದು ಆಸೆ ಮುಂದಿಟ್ಟಾಗ, ಅದು ಕುಸ್ತಿಯಿರಲಿ, ಮಲ್ಲಗಂಬವಿರಲಿ, ಈಜಿರಲಿ, ಹಿರಿಯರು “ಏಕೆ ಹಾರುತ್ತೀ?” ಎಂದು ಕೇಳುವ ಬದಲು “ಎಲ್ಲಿ ಬೀಳುತ್ತೀ? ಕಲಿಸುವವರು ಯಾರು? ಹತ್ತಿರ ಯಾರಿರುತ್ತಾರೆ?” ಎಂದು ಕೇಳುವುದು ಲೇಸು. ಸರಿಯಾದ ಉತ್ತರ ಬಂದರೆ ಹೆಣ್ಣುಮಗುವೆಂಬ ಕಾರಣಕ್ಕೆ ತಡೆಯದೆ ಕಳುಹಿಸಿಕೊಡಬೇಕು. ಉತ್ತರ ಬಾರದಿದ್ದರೆ ಆ ಮರಳಿನ ಗುಂಡಿಯನ್ನೋ ಹಾಸನ್ನೋ ಒದಗಿಸುವ ಹೊಣೆ ಶಾಲೆಯದು, ಊರಿನದು, ನಮ್ಮದು.

ಇನ್ನೊಮ್ಮೆ ಟಿ.ವಿ.ಯಲ್ಲಿ ಈ ಆಟ ಬಂದಾಗ ಮನೆಯವರೆಲ್ಲ ಕೂಡಿ ನೋಡಿರಿ. ಮಕ್ಕಳು ಲಾಗಗಳನ್ನು ಎಣಿಸಲಿ. ತಾವು ಮಾತ್ರ ಆಟಗಾರ ಇಳಿಯುವ ಜಾಗವನ್ನು, ಅದನ್ನು ಹದಮಾಡಲು ಸಲಿಕೆ ಹಿಡಿದು ದುಡಿದವರನ್ನು ಮಕ್ಕಳಿಗೆ ತೋರಿಸಿರಿ.