ಮನೆ ಬಾಗಿಲಿಗೆ ಬರಬೇಕಾದ ಆರೈಕೆ

ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರು ಇಂದು ದೂರದ ಊರುಗಳಲ್ಲಿ ನೆಲೆಸಿದ್ದೀರಿ. ತಂದೆತಾಯಿಯರು ಹಳ್ಳಿಯಲ್ಲಿಯೇ ಉಳಿದಿದ್ದಾರೆ. ಇದಕ್ಕಾಗಿ ಮಕ್ಕಳನ್ನು ದೂಷಿಸುವುದು ನನಗೆ ಸರಿಯೆನಿಸದು. ಓದಿದವರು ಕೆಲಸವಿರುವಲ್ಲಿಗೆ ಹೋಗಲೇಬೇಕು. ಆದುದರಿಂದ ವೃದ್ಧರ ಆರೈಕೆಯು ಕುಟುಂಬದ ಹೊಣೆ ಮಾತ್ರವಲ್ಲ, ರಾಜ್ಯದ ಹೊಣೆಯೂ ಹೌದು.

2011ರ ಜನಗಣತಿಯ ವೇಳೆಗೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷವಿದ್ದರು. ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು 65 ದಾಟಿದ ಬಡವರಿಗೆ ಮಾಸಾಶನ ನೀಡುತ್ತಿದೆ. 2024ರಲ್ಲಿ ಬಂದ ಗೃಹ ಆರೋಗ್ಯ ಯೋಜನೆಯು ರಕ್ತದೊತ್ತಡ, ಮಧುಮೇಹಗಳ ತಪಾಸಣೆಯನ್ನು ಮನೆಗೆ ತಂದಿತು. ಆದರೆ ಹಾಸಿಗೆ ಹಿಡಿದವರಿಗೆ ಬೇಕಾದುದು ನಿತ್ಯದ ಶುಶ್ರೂಷೆ. ಅದು ಮಾಸಾಶನದಿಂದಲೂ ತಪಾಸಣೆಯಿಂದಲೂ ದೊರೆಯದು.

ನೆರೆಯ ಕೇರಳವು 2008ರಲ್ಲಿಯೇ ಉಪಶಾಮಕ ಆರೈಕೆಗೆ ನೀತಿಯೊಂದನ್ನು ರೂಪಿಸಿ, ಪಂಚಾಯಿತಿಗಳನ್ನೂ ಅದರಲ್ಲಿ ತೊಡಗಿಸಿತು. ಅಲ್ಲಿ ತರಬೇತಿ ಪಡೆದ ದಾದಿಯರು ಮನೆಗೇ ಹೋಗಿ ಹುಣ್ಣು ತೊಳೆಯುತ್ತಾರೆ, ಆರೈಕೆಯ ಕ್ರಮವನ್ನು ಮನೆಯವರಿಗೂ ಕಲಿಸುತ್ತಾರೆ.

ನಮ್ಮಲ್ಲಿಯೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂಥ ಒಬ್ಬ ದಾದಿ, ಒಂದು ವಾಹನ, ಪಂಚಾಯಿತಿಯಲ್ಲಿ ಒಂಟಿ ವೃದ್ಧರ ಪಟ್ಟಿ ಇರಲಿ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಇದನ್ನೂ ಹೊರಿಸದೆ, ಸಂಬಳವುಳ್ಳ ಪ್ರತ್ಯೇಕ ಹುದ್ದೆಯನ್ನೇ ಸೃಷ್ಟಿಸಬೇಕು. ಹಣವೆಲ್ಲಿ ಎಂದು ಕೇಳುವವರುಂಟು. ವೃದ್ಧರು ಪದೇ ಪದೇ ಆಸ್ಪತ್ರೆ ಸೇರುವುದಕ್ಕೂ ಹಣ ಬೇಕು. ಅದನ್ನು ಎಷ್ಟೋ ಮನೆಯವರು ಸಾಲ ಮಾಡಿ ತೆರುತ್ತಿದ್ದಾರೆ.

ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಅಧಿಕಾರಿಗಳೂ ಇದ್ದೀರಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಈ ಮಾತನ್ನೂ ಎತ್ತಿರಿ.